ಮೂವತ್ತೊಂದನೇ ಪುಟ

ಅಪ್ಪನ ಅಂಗಿಯ ಕೊರಳ ಗುಂಡಿ ಎರಡು ಸಲ ಕೈಜಾರಿತು. ಮಗಳು ಮೂರನೆಯ ಸಲ ಅದನ್ನು ತೂತಿಗೆ ಹಾಕುತ್ತಿದ್ದಾಗ ಪಂಪ್‌ಹೌಸಿನ ಆಪರೇಟರ್ ಹಿತ್ತಿಲ ಬಾಗಿಲಿನಿಂದ ಬಂದು ಅವಳ ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕೂತ. ಕಂಕುಳಲ್ಲಿ ಟವೆಲು ಸುತ್ತಿದ ಗಂಟೊಂದಿತ್ತು. ಅವಳು ಲಂಗ ಹಾಕುವ ಕಾಲದಿಂದ ಅವನನ್ನು ಪಂಪ್ ಮಾಮ ಎಂದೇ ಕರೆಯುತ್ತಿದ್ದಳು. ಈಗ ಸ್ವಂತ ಔಷಧಿ ಅಂಗಡಿ ಇಟ್ಟು, ತಲೆಯಲ್ಲಿ ನಾಲ್ಕು ಬಿಳಿ ಕೂದಲು ಬಂದರೂ ಅದು ಬದಲಾಗಿರಲಿಲ್ಲ.

“ಪುಟ್ಟಿ, ಇದು ಕೇಳೋ ಹೊತ್ತಲ್ಲ, ಗೊತ್ತು,” ಎಂದು ಪಿಸುಗುಟ್ಟಿದ. “ಚಿಕ್ಕದರಲ್ಲಿ ಕೆಂಪು ದೀಪ ಹತ್ಕೊಂಡಿದೆ.”

“ಯಾವಾಗಿಂದ?”

“ಬೆಳಿಗ್ಗೆ ಆರರಿಂದ. ಹೊಸ ಸೆಲ್ ತಂದಿದೀನಿ, ಹಾಕೋಕೆ ಧೈರ್ಯ ಇಲ್ಲ. ನೀನೇ ಹಾಕು.” ಗಂಟನ್ನು ಅವಳ ಕಡೆ ಸರಿಸಿದ. “ನಿಮ್ಮಪ್ಪ ಸತ್ತ ಮಾರನೇ ದಿನವೇ ಅವರ ಅಳತೆಯೆಲ್ಲ ಅಳಿಸಿಹಾಕಿದ ಅನ್ನೋ ಮಾತು ನನಗೆ ಬೇಡ ಕಣೇ.”

ಚಿಕ್ಕದು ಎಂದರೆ ಒಂದು ದಪ್ಪ ನಿಘಂಟಿನಷ್ಟು ಗಾತ್ರದ ಹಳೆಯ ಕಂಪ್ಯೂಟರು. ಕೀಲಿಮಣೆಯ ಮೇಲೆ ಎಂಟೇ ಸಾಲು ಹಿಡಿಸುವ ಬೂದು ಪರದೆ, ಹೊಟ್ಟೆಯಲ್ಲಿ ನಾಲ್ಕು ಪೆನ್ಸಿಲ್ ಸೆಲ್ಲು. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ. ಬಿಸಿಲಿಗೆ ಹಿಡಿದರೂ ಅಕ್ಷರ ಕಾಣುತ್ತದೆ, ಮಳೆಯಲ್ಲಿ ನೆನೆದರೂ ಒರೆಸಿದರೆ ಸಾಕು ಎಂಬ ಕಾರಣಕ್ಕೆ ಜಲಾಶಯದ ಕಚೇರಿ ಅದನ್ನು ಬಿಟ್ಟಿರಲಿಲ್ಲ. ಒಂದೇ ಕೊರತೆ ಏನೆಂದರೆ ಅದರಲ್ಲಿ ಬರೆದದ್ದೆಲ್ಲ ಸೆಲ್ಲಿನ ಬಲದ ಮೇಲೆ ಬದುಕಿರುವುದು. ಸೆಲ್ಲು ಸತ್ತರೆ ಬರೆದದ್ದೂ ಹೋಯಿತು.

ಜಲಾಶಯದ ಏರಿಯಲ್ಲಿ ಇಪ್ಪತ್ತೆರಡು ಅಳತೆ ಕೊಳವೆಗಳಿದ್ದವು. ದಿನವೂ ಒಂದೊಂದಕ್ಕೂ ಟೇಪು ಇಳಿಬಿಟ್ಟು, ಕೊಳವೆಯ ಬಾಯಿಂದ ಒಳಗಿನ ನೀರಿಗೆ ಎಷ್ಟು ಸೆಂಟಿಮೀಟರು ಎಂದು ಚಿಕ್ಕದರಲ್ಲಿ ಬರೆದುಕೊಂಡು, ಕಚೇರಿಗೆ ಬಂದು ಕೇಬಲ್ ಸಿಕ್ಕಿಸಿ ಅಲ್ಲಿಯ ದೊಡ್ಡ ಕಂಪ್ಯೂಟರಿಗೆ ಸಾಗಿಸುವುದು ಅಪ್ಪನ ಕೆಲಸವಾಗಿತ್ತು. ಚಿಕ್ಕದರ ಮಾತು ದೊಡ್ಡದಕ್ಕೆ ತಿಳಿಯುತ್ತಿರಲಿಲ್ಲ. ಎರಡರ ನಡುವೆ ಮಾತು ನಡೆಸಿಕೊಡುವ ಪ್ರೋಗ್ರಾಮನ್ನು ಅಪ್ಪ ಒಂದು ಬೇಸಿಗೆ ಪೂರ್ತಿ ಕೂತು ತಾನೇ ಬರೆದಿದ್ದ. ಅದಕ್ಕೆ ನಲವತ್ತು ಪುಟದ ಕೈಪಿಡಿಯನ್ನೂ ಬರೆದ, ಆರು ಸಲ ತಿದ್ದಿ ಬರೆದ. ಏರಿಯ ಕೆಳಗಿನ ಕಾಲೊನಿಯಲ್ಲಿ ಅವನ ಹೆಸರೇ ಕೈಪಿಡಿ ಎಂದಾಗಿಹೋಯಿತು.

ಮನೆಯಲ್ಲೂ ಸುಮ್ಮನಿದ್ದವನಲ್ಲ. ಗೀಸರಿನ ಮೇಲೆ, ಬಟ್ಟೆ ಒಗೆಯುವ ಯಂತ್ರದ ಮೇಲೆ, ಕಡೆಗೆ ಹಿತ್ತಿಲ ಚಿಲಕದ ಪಕ್ಕದಲ್ಲೂ ಅವನ ಗುಂಡು ಅಕ್ಷರದ ಚೀಟಿಗಳು. ಇವತ್ತು ಶವ ನೋಡಲು ಬಂದವರು ಕೈತೊಳೆಯಲು ಹೋಗಿ, ನಲ್ಲಿಯ ಮೇಲಿನ ‘ಎಡಕ್ಕೆ ಅರ್ಧ ಸುತ್ತು ಸಾಕು’ ಎಂಬುದನ್ನು ಓದಿ, ಅರ್ಧ ಸುತ್ತೇ ತಿರುಗಿಸುತ್ತಿದ್ದರು.

“ಅಡುಗೆಮನೆಗೆ ಬನ್ನಿ,” ಎಂದು ಮಗಳು ಎದ್ದಳು. ಅಂಗಿಯ ಗುಂಡಿ ಈ ಸಲ ತೂತಿಗೆ ಕೂತಿತ್ತು.

*

ಆಗ ಅವಳಿಗೆ ಹತ್ತು ವರ್ಷ. ಮೇಜಿನ ಮೇಲೆ ಚಿಕ್ಕದು, ಎದುರಿಗೆ ಅಪ್ಪ, ಕೈಯಲ್ಲಿ ಮೊದಲ ಕರಡು.

“ಓದು. ಬರೆದಷ್ಟೇ ಮಾಡು. ನಿನಗೆ ಮೊದಲೇ ಗೊತ್ತಿರೋದನ್ನ ಮಾಡಬೇಡ.”

“ಕೇಬಲನ್ನು ಸಿಕ್ಕಿಸಿ,” ಎಂದು ಓದಿ ಅವಳು ಕೇಬಲ್ ಹಿಡಿದು ಕೂತಳು. ಅದಕ್ಕೆ ಎರಡು ತುದಿ, ಯಂತ್ರಕ್ಕೆ ಮೂರು ತೂತು. ಕೂತೇ ಇದ್ದಳು.

“ಯಾಕೆ ನಿಂತೆ?”

“ಯಾವ ತುದಿ ಅಂತ ಬರೆದಿಲ್ಲ.”

ಬೇರೆ ಯಾರಾದರೂ ಆಗಿದ್ದರೆ ಅಷ್ಟೂ ಗೊತ್ತಾಗಲ್ವಾ ಎಂದು ತಲೆಗೆ ಮೊಟಕುತ್ತಿದ್ದರು. ಅಪ್ಪ ಪೆನ್ನು ತೆಗೆದು ‘ಅಗಲವಾದ ತುದಿಯನ್ನು’ ಎಂದು ಸೇರಿಸಿದ. “ತಪ್ಪು ನಿಂದಲ್ಲ. ಪುಟದ್ದು,” ಎಂದ. ಹೀಗೆ ಅವಳು ಎಲ್ಲೆಲ್ಲಿ ನಿಂತಳೋ ಅಲ್ಲೆಲ್ಲ ಒಂದು ಸಾಲು ಹುಟ್ಟಿತು. ಶಾಲೆಯಲ್ಲಿ ಲೆಕ್ಕಕ್ಕೆ ಸೊನ್ನೆ ತಂದವಳು ಆ ಮೇಜಿನ ಮುಂದೆ ಮಹಾರಾಣಿ. ಅವಳಿಗೆ ತಿಳಿಯದ್ದು ಲೋಕಕ್ಕೂ ತಿಳಿಯುವುದಿಲ್ಲ ಎಂದು ಅಪ್ಪ ನಂಬಿದ್ದ, ಅವಳೂ ನಂಬಿದ್ದಳು.

“ಇದನ್ನೆಲ್ಲ ಯಾರು ಓದ್ತಾರೆ ಅಪ್ಪ?”

“ನಾನಿಲ್ಲದಾಗ ಈ ಕೆಲಸ ಮಾಡೋನು.”

“ನೀನೆಲ್ಲಿಗೆ ಹೋಗ್ತೀಯ?”

“ಎಲ್ಲಿಗೂ ಇಲ್ಲ. ಮುಂದಿನ ಸಾಲು ಓದು.”

*

ಅಡುಗೆಮನೆಯ ಕಟ್ಟೆಯ ಮೇಲೆ ಚಿಕ್ಕದನ್ನು ಬೋರಲು ಹಾಕಿ ಅವಳು ಹಳೆಯ ಸೆಲ್ಲುಗಳನ್ನು ತೆಗೆದು ಹೊಸದನ್ನು ಕೂರಿಸಿದಳು. ಒಂಬತ್ತನೇ ಪುಟ ಇನ್ನೂ ಬಾಯಿಪಾಠವಿತ್ತು: ನಾಲ್ಕನ್ನೂ ಕೈಯಲ್ಲಿ ಸಿದ್ಧವಾಗಿಟ್ಟುಕೊಂಡೇ ಮುಚ್ಚಳ ತೆಗೆಯಿರಿ, ಮಧ್ಯೆ ಎದ್ದು ಹೋಗಬೇಡಿ, ಯಾರು ಕರೆದರೂ ಓಗೊಡಬೇಡಿ.  ಕೆಂಪು ದೀಪ ಆರಿತು.

“ಉಳೀತಾ?”

“ನೋಡ್ಬೇಕು.”

ಉಳಿದಿದೆಯೇ ಎಂದು ನೋಡುವುದಕ್ಕಷ್ಟೇ ಅವಳು ಫೈಲು ತೆರೆದದ್ದು. ಅಪ್ಪ ಆಸ್ಪತ್ರೆ ಸೇರಿದಾಗಿನಿಂದ ಹನ್ನೊಂದು ದಿನದ ಅಳತೆ ಪಂಪ್ ಮಾಮನದು. ಒಂದು, ಎರಡು, ಮೂರು ಎಂದು ಕೊಳವೆಗಳನ್ನು ದಾಟುತ್ತ ಹೋದಳು. ಎಲ್ಲ ನೆಟ್ಟಗಿತ್ತು. ಹದಿನಾಲ್ಕನೆಯ ಕೊಳವೆಗೆ ಬಂದಾಗ ಪರದೆಯ ಎಂಟು ಸಾಲೂ ತುಂಬಿದವು. 330, 331, 296, 262, 224, 187, 149, 113.

ಅವಳು ಆ ಸಾಲುಗಳನ್ನು ಮೇಲಿನಿಂದ ಮತ್ತೊಮ್ಮೆ ಓದಿದಳು. ಆಮೇಲೆ ಕೀಲಿ ಒತ್ತಿದಳು. 78, 46, 19.

“ಮಾಮ, ಹದಿನಾಲ್ಕು ಎಲ್ಲಿರೋದು?”

“ಏರಿ ಬುಡದಲ್ಲಿ. ನಮ್ಮ ಕಾಲೊನಿ ಕಡೆ.”

“ಈ ಹತ್ತೊಂಬತ್ತು ಯಾವತ್ತಿಂದು?”

“ಇವತ್ತಿಂದೇ.”

“ಹತ್ತೊಂಬತ್ತು ಸೆಂಟಿಮೀಟರಿಗೇ ನೀರು ಸಿಕ್ತಾ? ಗೇಣು ದೂರಕ್ಕೆ?”

“ಸಿಕ್ತು. ದಿನಾ ಟೇಪು ಕಮ್ಮಿ ಬಿಡ್ಬೇಕಾಗ್ತಿತ್ತು. ಸುತ್ತೋ ಕೆಲಸ ಹಗುರ ಆಯ್ತಲ್ಲ ಅಂತ…” ಎನ್ನುತ್ತಿದ್ದವನು ತನ್ನ ಮಾತು ತನಗೇ ಕೇಳಿಸಿದವನಂತೆ ನಿಲ್ಲಿಸಿದ. 

 ಏರಿಯೊಳಗೆ ನೀರು ಎಷ್ಟು ಆಳದಲ್ಲಿದ್ದರೆ ಅಷ್ಟು ಕ್ಷೇಮ ಎಂಬುದು ಆ ಕಾಲೊನಿಯ ಮಗುವಿಗೂ ಗೊತ್ತು. ಅದು ಬುಡದ ಕೊಳವೆಯ ಬಾಯಿಗೆ ಬಂದಿದೆ ಎಂದರೆ ಮಣ್ಣಿನೊಳಗೆ ಎಲ್ಲೋ ದಾರಿ ಮಾಡಿಕೊಂಡಿದೆ ಎಂದೇ ಅರ್ಥ.

“ಆಫೀಸಲ್ಲಿ ಯಾರೂ ಏನೂ ಅನ್ನಲಿಲ್ವಾ?”

“ಒಂದು ದಿನ ತಪ್ಪಿಸದೆ ಕಳಿಸಿದೀನಿ ಪುಟ್ಟಿ. ದೊಡ್ಡದರಲ್ಲಿ ಗೆರೆ ನೆಟ್ಟಗಿತ್ತು. ಮುನ್ನೂರ ಮೂವತ್ತೊಂದು, ಮುನ್ನೂರ ಮೂವತ್ತೊಂದು. ಎಂಜಿನಿಯರ್ ಸಾಹೇಬ್ರೇ ನೋಡಿ ಭೇಷ್ ಅಂದ್ರು. ಆ ಯಂತ್ರ ನೆಟ್ಟಗಿದೆ ಅಂದ್ಮೇಲೆ ನಂದೇನಿದೆ ಅಂದ್ಕೊಂಡೆ.”

“ಮೂವತ್ತೊಂದನೇ ಪುಟ ಓದಿದ್ರಾ?”

ಅವನು ಜೇಬಿನಿಂದ ಪ್ಲಾಸ್ಟಿಕ್ ಹೊದಿಸಿದ ಹಾಳೆಗಳನ್ನು ತೆಗೆದ. “ನಂಗೆ ಕೊಟ್ಟಿರೋದೇ ಹನ್ನೆರಡು ಪುಟ. ನಲವತ್ತು ಯಾರು ಓದ್ತಾರೆ ಅಂತ ಸಾಹೇಬ್ರು ಇಷ್ಟೇ ಜೆರಾಕ್ಸ್ ಮಾಡ್ಸಿದ್ರು.”

*

ಮೂವತ್ತೊಂದನೇ ಪುಟ ಹುಟ್ಟಿದ್ದು ಅವಳಿಗೆ ಹದಿನೇಳಾಗಿದ್ದಾಗ. ಕಚೇರಿಯಲ್ಲಿ ಇಲಿಯೊಂದು ಕೇಬಲನ್ನು ಅರ್ಧ ಕಡಿದಿತ್ತು. ಅವತ್ತು ಚಿಕ್ಕದು ಕಳಿಸಿದ ಸಂಖ್ಯೆಗಳು ದಾರಿಯಲ್ಲಿ ಕೆಟ್ಟು, ದೊಡ್ಡದರ ಪರದೆಯ ಮೇಲೆ ಏಳು ಕೊಳವೆಗೆ ಸೊನ್ನೆ ಬಿತ್ತು. ಯಾರೋ ಸೈರನ್ ಒತ್ತಿದರು. ಅರವತ್ತು ಮನೆಯ ಜನ ಉಟ್ಟ ಬಟ್ಟೆಯಲ್ಲಿ ಗುಡ್ಡದ ಕಡೆ ಓಡಿದರು. ಟೈಲರನ ತಾಯಿ ಚರಂಡಿ ದಾಟುವಾಗ ಬಿದ್ದು ಸೊಂಟ ಮುರಿದುಕೊಂಡಳು, ಹಾಸಿಗೆಯಿಂದ ಮತ್ತೆ ಏಳಲಿಲ್ಲ. ಏರಿಗೆ ಏನೂ ಆಗಿರಲಿಲ್ಲ. ಕೈಪಿಡಿ ಊರನ್ನೇ ಓಡಿಸಿದ ಎಂದು ವರ್ಷಗಟ್ಟಲೆ ಆಡಿಕೊಂಡು ನಕ್ಕರು. ಅಪ್ಪ ಆ ವರ್ಷ ಟೈಲರನ ಅಂಗಡಿಯ ಮುಂದೆ ಹಾದುಹೋಗಲಿಲ್ಲ, ಸುತ್ತಿಬಳಸಿ ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದ.

ಆಗಿನ್ನೂ ಹೊಸಬರಾಗಿದ್ದ ಸಾಹೇಬರು ಮನೆಗೇ ಬಂದಿದ್ದರು.

“ಇನ್ನೊಂದ್ಸಲ ಹೀಗಾಗ್ಬಾರ್ದು. ಒಂದೇ ದಿನದಲ್ಲಿ ಮೂವತ್ತು ಸೆಂಟಿಮೀಟರಿಗಿಂತ ಹೆಚ್ಚು ಬದಲಾದ್ರೆ ಅದು ಕೇಬಲ್ ತಪ್ಪು ಅಂತಲೇ ಇಟ್ಕೋ. ತಳ್ಳಿಹಾಕಿ ಹಿಂದಿನ ದಿನದ ಸಂಖ್ಯೆ ತೋರಿಸೋ ಹಾಗೆ ಮಾಡು.”

“ನಿಜವಾಗ್ಲೂ ಬದಲಾದ್ರೆ ಸಾಹೇಬ್ರೆ?”

“ನೀನಿದೀಯಲ್ಲಪ್ಪ, ನೋಡ್ಕೊಳ್ಳೋಕೆ.”

ಅಪ್ಪ ಮಾಡಿದ. ಮೂರು ದಿನ ಊಟ ಸೇರದೆ ಕೂತು ಆ ಪುಟ ಬರೆದು, ಅವಳನ್ನು ಎದುರಿಗೆ ಕೂರಿಸಿಕೊಂಡು ಓದಿಸಿದ. ‘ಮೂವತ್ತು ದಾಟಿದ ಬದಲಾವಣೆಯನ್ನು ಪ್ರೋಗ್ರಾಮು ತಳ್ಳಿಹಾಕುತ್ತದೆ. ಮಾರನೆಯ ದಿನವೂ ಹಳೆಯ ಸಂಖ್ಯೆಗೇ ಹೋಲಿಸಿ ನೋಡುವುದರಿಂದ ಅದನ್ನೂ ತಳ್ಳಿಹಾಕುತ್ತದೆ, ಅದರ ಮಾರನೆಯದನ್ನೂ. ಎಚ್ಚರಿಕೆ: ಮೂರು ದಿನ ಅಲುಗದ ಗೆರೆಯನ್ನು ನಂಬಬೇಡಿ. ನೀರು ಮೂರು ದಿನ ಒಂದೇ ಕಡೆ ನಿಲ್ಲುವುದಿಲ್ಲ. ಚಿಕ್ಕದನ್ನು ತೆರೆದು ನೋಡಿ.’ ಅವಳು ಎಲ್ಲೂ ನಿಲ್ಲದೆ ಓದಿದಳು. ಸರಿಯಾಗಿದೆ ಎಂದಳು. ಆಮೇಲೆ ಇಷ್ಟು ವರ್ಷ ಅಪ್ಪ ದಿನವೂ ಚಿಕ್ಕದನ್ನು ತೆರೆದು ತಾನೇ ನೋಡುತ್ತಿದ್ದ, ಏರಿ ಬುಡದ ಹದಿನಾಲ್ಕನ್ನು ಎಲ್ಲಕ್ಕಿಂತ ಮೊದಲು. ಹಾಗಾಗಿ ಆ ಪುಟ ಯಾರಿಗೂ ಬೇಕಾಗಲಿಲ್ಲ.

ಐದು ದಿನದ ಹಿಂದೆ ಆಸ್ಪತ್ರೆಯಲ್ಲಿ ಅಪ್ಪ ಮೂಗಿನ ಕೊಳವೆ ಸರಿಸಿ ಕೇಳಿದ್ದ: “ಹದಿನಾಲ್ಕು ಎಷ್ಟು?”

“ಹದಿನಾಲ್ಕಲ್ಲ ಅಪ್ಪ, ನಿನ್ನ ಬೆಡ್ಡು ಹನ್ನೆರಡು.”

ತಲೆಯಾಡಿಸಿ ಮತ್ತೆ ಅದನ್ನೇ ಕೇಳಿದ. ಜ್ವರದಲ್ಲಿ ಹೀಗೇ ಏನೇನೋ ಅಂತಾರೆ ಎಂದು ನರ್ಸು ಸಮಾಧಾನ ಹೇಳಿದಳು. ಸಂಜೆ ಪಂಪ್ ಮಾಮ ಬಂದು, ಗೆರೆ ನೆಟ್ಟಗಿದೆ ಅಣ್ಣ, ಒಂದು ಚೂರೂ ಅಲುಗಿಲ್ಲ, ನಿಶ್ಚಿಂತೆಯಾಗಿ ಮಲಗಿ ಎಂದ. ಅಪ್ಪ ಕಣ್ಣು ಅಗಲಿಸಿ ಅವಳ ಮಣಿಕಟ್ಟು ಹಿಡಿದ. ನೋವಿರಬೇಕು ಎಂದುಕೊಂಡು ಅವಳು ಚಮಚದಲ್ಲಿ ನೀರು ಕುಡಿಸಿದಳು. ಆಮೇಲೆ ಅವನಿಗೆ ಮಾತು ಬರಲಿಲ್ಲ.

*

ಸಾಹೇಬರು ದೊಡ್ಡ ಹೂವಿನ ಚಕ್ರ ಹಿಡಿದು ಬಂದು ಶವದ ಕಾಲ ಬಳಿ ಇಟ್ಟು, ಕೈಕಟ್ಟಿ ನಿಂತಿದ್ದರು. ರಜೆಯ ದಿನವಾದ್ದರಿಂದ ಕಾಲೊನಿಯ ಅರ್ಧಕ್ಕರ್ಧ ಜನ ಅಂಗಳದಲ್ಲೇ ಇದ್ದರು. ಅವಳು ಸಾಹೇಬರನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿ, ಚಿಕ್ಕದನ್ನು ಅವರ ಕಡೆ ತಿರುಗಿಸಿದಳು. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಕೀಲಿ ಒತ್ತಿ ಉಳಿದ ಮೂರು ಸಾಲೂ ನೋಡಿದರು. ಮತ್ತೆ ಹಿಂದಕ್ಕೆ ಬಂದು ಮೊದಲಿನಿಂದ ನೋಡಿದರು.

“ಸೈರನ್ ಹಾಕ್ಸಿ ಸರ್.”

“ಇರಮ್ಮ. ಅಪ್ಪನನ್ನ ಕಳ್ಕೊಂಡಿದೀಯ, ದುಃಖದಲ್ಲಿ…”

“ದುಃಖ ಆಮೇಲೆ ಪಡ್ತೀನಿ. ಹತ್ತೊಂಬತ್ತು ಅದು.”

“ಇವನು ಟೇಪು ಸರಿಯಾಗಿ ಬಿಟ್ಟಿದಾನೋ ಇಲ್ವೋ, ಯಾರಿಗ್ಗೊತ್ತು.”

ಪಂಪ್ ಮಾಮ ಸಾಹೇಬರ ಎದುರು ಇಪ್ಪತ್ತು ವರ್ಷದಲ್ಲಿ ಚಕಾರ ಎತ್ತಿದವನಲ್ಲ. “ಇಷ್ಟು ದಿನವೂ ತಪ್ಪು ಬಿಟ್ನಾ ಸಾಹೇಬ್ರೆ? ಅದೂ ದಿನಾ ಒಂದೂವರೆ ಗೇಣು ಅಳೆದಿಟ್ಟ ಹಾಗೆ?” ಎಂದ.

“ಅಲ್ಲಯ್ಯ, ದೊಡ್ಡದರಲ್ಲಿ ಗೆರೆ ನೆಟ್ಟಗಿದೆ.”

“ನೆಟ್ಟಗೆ ಇರ್ಲಿ ಅಂತ ನೀವೇ ಹೇಳಿ ಮಾಡ್ಸಿದ್ದು ಸರ್,” ಎಂದಳು ಮಗಳು. “ನಮ್ಮನೆ ಹಜಾರದಲ್ಲಿ ಕೂತು ಹೇಳಿದ್ರಿ. ನಾನಲ್ಲೇ ಇದ್ದೆ.”

ಸಾಹೇಬರಿಗೆ ನೆನಪಾಯಿತು ಎಂಬುದು ಮುಖದಲ್ಲೇ ಗೊತ್ತಾಯಿತು. ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಮೇಲಿನವರ ಒಪ್ಪಿಗೆ ಇಲ್ಲದೆ ಸೈರನ್ ಮುಟ್ಟುವ ಹಾಗಿಲ್ಲ, ಹೋದ ಸಲದ ಮೇಲೆ ಅದೇ ನಿಯಮ, ಕಚೇರಿಗೆ ಹೋಗಿ ಬರೆದು ಕಳಿಸ್ತೀನಿ, ಸಂಜೆಯೊಳಗೆ ಉತ್ತರ ಬರುತ್ತೆ ಎಂದರು.

“ಸೈರನ್ನಿನ ಕೀಲಿಕೈ ನಮಗೆ ಕೊಟ್ಟು ಹೋಗಿ.”

ಅವರ ಕೈ ತಾನಾಗಿ ಪ್ಯಾಂಟಿನ ಜೇಬಿನ ಮೇಲೆ ಹೋಯಿತು. “ಸುಮ್ಮನೆ ಗಾಬರಿ ಹುಟ್ಟಿಸ್ಬೇಡಮ್ಮ. ಶವ ಮನೇಲಿದೆ. ಮೊದಲು ಅದನ್ನ ನೋಡು.”

ಅವರು ಹೊರಗೆ ಹೋದರು. ಅಡುಗೆಮನೆಯ ಕಿಟಕಿಯ ಆಚೆಗೆ ನೀರಿನ ತೊಟ್ಟಿ. ಅದರ ಪಕ್ಕದಲ್ಲಿ ಗೋಡೆಗೆ ಮುಖಮಾಡಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದದ್ದು ಇಬ್ಬರಿಗೂ ಕೇಳಿಸಿತು.

“ಮಕ್ಕಳನ್ನ ಎಬ್ಬಿಸು. ಏನೂ ಕೇಳ್ಬೇಡ. ಬೀರುವಿನ ಕಾಗದಪತ್ರ, ಬಟ್ಟೆ, ನಿನ್ನ ಒಡವೆ… ನಿಮ್ಮಕ್ಕನ ಮನೆಗೆ. ಈಗ ಬರ್ತೀನಿ. ಪಕ್ಕದ ಮನೆಯವರಿಗೂ ಹೇಳ್ಬೇ‌ಡ, ಗೊತ್ತಾಯ್ತಾ?”

ತಿರುಗಿದಾಗ ಕಿಟಕಿಯಲ್ಲಿ ಅವಳ ಮುಖ ಕಂಡಿತು. ಫೋನು ಜೇಬಿಗೆ ಹಾಕಿದರು. ಬೇಗ ಬೇಗ ಹೊರಟು ಹೋದರು.

*

ತುರ್ತು ಸಹಾಯದ ಸಂಖ್ಯೆಗೆ ಫೋನು ಮಾಡಿದಳು. ಆ ಕಡೆಯ ಹೆಂಗಸು ತಾಳ್ಮೆಯಿಂದ ಎಲ್ಲ ಬರೆದುಕೊಂಡು, ಸಂಬಂಧಪಟ್ಟ ಎಂಜಿನಿಯರಿಗೆ ತಿಳಿಸುತ್ತೇವೆ ಎಂದಳು. ಸಂಬಂಧಪಟ್ಟ ಎಂಜಿನಿಯರು ಎಂದರೆ ಸಾಹೇಬರೇ.

ಅಂಗಳದಲ್ಲಿ ನಿಂತು ಟೈಲರನಿಗೆ ಹೇಳಿದಳು. ಅವನು ಅಪ್ಪನನ್ನು ಹೊರಲು ತೋಳು ಮಡಿಸಿಕೊಂಡು ತಯಾರಾಗಿ ನಿಂತಿದ್ದ. ಪೂರ್ತಿ ಕೇಳಿಸಿಕೊಂಡು, ಸಿಟ್ಟಿಲ್ಲದ ದನಿಯಲ್ಲೇ, “ಅಪ್ಪ ಒಂದ್ಸಲ ಓಡ್ಸಿದ್ರು, ನಮ್ಮಮ್ಮ ಹೋದ್ಲು. ಈಗ ನೀನು ಓಡ್ಸ್ಬೇಡ ತಾಯಿ,” ಎಂದ.  ಒಬ್ಬಾಕೆ ಅವಳ ಬೆನ್ನು ಸವರಿ, ಎರಡು ಗುಟುಕು ಏನಾದ್ರೂ ಕುಡಿ, ತಲೆ ತಿರುಗ್ತಿರತ್ತೆ ಎಂದಳು. ಪಂಪ್ ಮಾಮ ಆರು ಮನೆ ಬಾಗಿಲು ತಟ್ಟಿ ಬಂದ. ಶವ ಎತ್ತಲಿ, ಆಮೇಲೆ ನೋಡೋಣ ಎಂಬುದೇ ಎಲ್ಲರ ಉತ್ತರ. ಶವ ಬಿಟ್ಟು ಯಾರೂ ಕದಲುವವರಲ್ಲ.

ಆ ಮಾತು ಅವಳ ತಲೆಯಲ್ಲಿ ಕೂತಿತು. ಶವ ಬಿಟ್ಟು ಕದಲುವುದಿಲ್ಲ ಎಂದರೆ ಶವ ಹೋದಲ್ಲಿಗೆ ಬಂದೇ ಬರುತ್ತಾರೆ.

ಅಮ್ಮ ಅಪ್ಪನ ಕೂದಲು ಬಾಚುತ್ತಿದ್ದಳು. ಮಗಳು ಕಿವಿಯ ಹತ್ತಿರ ಬಗ್ಗಿದಳು.

“ಅಮ್ಮ, ಅಪ್ಪನ್ನ ಗುಡ್ಡದ ಮೇಲಿನ ಹಳೇ ಸ್ಮಶಾನಕ್ಕೆ ಕರ್ಕೊಂಡು ಹೋಗೋಣ.”

“ಏನು ಮಾತಾಡ್ತೀಯ? ಕೆಳಗೆ ಗುಂಡಿ ತೋಡಿ ಆಗಿದೆ, ಅವರಮ್ಮನ ಪಕ್ಕದಲ್ಲೇ. ಅವರು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.”

ಮಗಳು ಹೇಳಿದಳು. ಗುಟ್ಟಾಗಿ, ಬೇಗ ಬೇಗ, ಹತ್ತೊಂಬತ್ತರ ತನಕ ಹೇಳಿದಳು. ಆಸ್ಪತ್ರೆಯ ವಿಷಯವನ್ನೂ ಹೇಳಿದಳು. “ನನಗೇ ಗೊತ್ತಾಗ್ಬೇಕಿತ್ತಮ್ಮ. ನನಗೋಸ್ಕರ ಬರೆದಿದ್ದು ಅದು. ಅಪ್ಪ ಕೇಳ್ತಾನೇ ಇದ್ದ, ನಾನು ಬೆಡ್ ನಂಬರ್ ಹೇಳ್ದೆ.”

ಅಮ್ಮನ ಬಾಚಣಿಗೆ ನಿಂತಿತು. “ಇದನ್ನ ಅವರು ಬರೆದಿಟ್ಟಿದಾರಾ?”

“ಬರೆದಿದಾನೆ. ಮೂವತ್ತೊಂದನೇ ಪುಟ.”

“ಅವರು ಬರೆದದ್ದು ಒಂದು ಚೀಟೀನೂ ನಾನು ಓದಲಿಲ್ಲ. ಗೀಸರ್ ಮೇಲಿಂದೂ ಓದಲಿಲ್ಲ. ಕರೀತಿದ್ದೆ, ಬಂದು ಹಾಕ್ಕೊಡ್ತಿದ್ರು. ಬರಲಿ ಅಂತಲೇ ಓದ್ತಿರಲಿಲ್ಲ.” ಬೆಳಗಿನಿಂದ ಅಳದೆ ಇದ್ದವಳು ಈಗ ಅತ್ತಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು. “ನೀನು ಹೇಳಿದ್ರೆ ತಲೆ ಕೆಟ್ಟಿದೆ ಅಂತಾರೆ. ನಾನು ಹೇಳ್ತೀನಿ. ಅವರ ಕೊನೇ ಆಸೆ ಇದು ಅಂತೀನಿ. ಹೆಂಡತಿ ಮಾತಿಗೆ ಇವತ್ತು ಯಾರೂ ಎದುರಾಡಲ್ಲ. ಕಾಲೊನಿಯವರೆಲ್ಲ ಬರ್ಬೇಕು, ಮಕ್ಕಳು ಮುದುಕರು ಯಾರೂ ಮನೇಲಿ ಉಳೀಬಾರ್ದು ಅಂದಿದ್ರು ಅಂತೀನಿ.”

“ಅಪ್ಪ ಅಂಥ ಮಾತಾಡೋನಲ್ಲಮ್ಮ.”

“ಅಲ್ಲ. ಇವತ್ತೊಂದಿನ ಆಗ್ಲಿ.”

*

ಶವದ ಗಾಡಿ ಗುಡ್ಡದ ರಸ್ತೆಗೆ ತಿರುಗಿದಾಗ ಹಿಂದೆ ಗೊಣಗಾಟ ಶುರುವಾಯಿತು. ಬದುಕಿದ್ದಾಗ ಮೂಲೇಲಿ ಕೂತಿದ್ದ ಮನುಷ್ಯ, ಸತ್ತ ಮೇಲೆ ಏನಪ್ಪಾ ಇವನ ದರ್ಬಾರು ಎಂದು ಯಾರೋ ನಕ್ಕರು. ಆದರೂ ಬಂದರು. ಟೈಲರ್ ತನ್ನ ಮುದಿ ತಂದೆಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದ. ಅವನ ಹೆಂಡತಿಯ ಹೆಗಲ ಮೇಲೆ ಕೂಸು ಮಲಗಿತ್ತು. ಬಸುರಿಯೊಬ್ಬಳು ಗಂಡನ ತೋಳು ಹಿಡಿದು, ಪ್ರತಿ ತಿರುವಿನಲ್ಲೂ ನಿಂತು ಸುಧಾರಿಸಿಕೊಂಡು ಹತ್ತಿದಳು.

ಅಮ್ಮ ಗಾಡಿಯೊಳಗೆ ಶವದ ಪಕ್ಕ ಕೂತಿದ್ದಳು. ಮಗಳು ಚಾಲಕನ ಕಿಟಕಿಯ ಪಕ್ಕದಲ್ಲೇ ನಡೆಯುತ್ತಿದ್ದಳು.

“ಸ್ವಲ್ಪ ಬೇಗ ಓಡಿಸ್ತೀರಾ?”

“ಬೇಗ ಹೋದ್ರೆ ಜನ ಹಿಂದೆ ಉಳೀತಾರಮ್ಮ.”

ಅದು ನಿಜ. ಉಳಿದವರು ಅಲ್ಲಿಂದಲೇ ಕೈಮುಗಿದು ಮನೆಗೆ ತಿರುಗಿಬಿಡುತ್ತಾರೆ. ನಿಧಾನ ಹೋದರೆ ಇನ್ನೊಂದು ಭಯ. ಗಾಡಿಯ ಒಂದೊಂದು ಗಾಲಿಯ ಸುತ್ತನ್ನೂ ಅವಳು ಲೆಕ್ಕ ಹಾಕುತ್ತ ನಡೆದಳು. ತಿರುವಿನಿಂದ ಕೆಳಗೆ ನೋಡಿದರೆ ಕಾಲೊನಿ ಖಾಲಿ ಬಿದ್ದಿತ್ತು, ಹಗ್ಗದ ಮೇಲೆ ಬಟ್ಟೆಗಳು ಆಡುತ್ತಿದ್ದವು. ಅದರ ಹಿಂದೆ ಉದ್ದಕ್ಕೂ ಹಸಿರು ಏರಿ, ಅದರಾಚೆ ಬಿಸಿಲಿಗೆ ಮಿನುಗುವ ನೀರು. ನೋಡುವುದಕ್ಕೆ ಎಲ್ಲ ಎಂದಿನಂತೆಯೇ ಇತ್ತು. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಪಂಪ್ ಮಾಮ ಕಡೆಯ ಮನೆಯವರನ್ನೂ ಹೊರಡಿಸಿ, ಕೊಳವೆ ನೋಡಿಕೊಂಡು, ಅಡ್ಡದಾರಿಯಲ್ಲಿ ಗುಡ್ಡ ಹತ್ತಿ ಬಂದ. ಏದುಸಿರು ಬಿಡುತ್ತಿದ್ದ. ಪ್ಯಾಂಟು ಮೊಣಕಾಲ ತನಕ ಒದ್ದೆಯಾಗಿ ಕೆಸರು ಮೆತ್ತಿತ್ತು.

“ಎಷ್ಟು ಮಾಮ?”

“ಟೇಪು ಬೇಕಾಗ್ಲಿಲ್ಲ ಪುಟ್ಟಿ,” ಎಂದ. 

ಅಷ್ಟರಲ್ಲಿ ಹಿಂದಿನಿಂದ ಒಂದು ಕಾರು ಬಂತು. ರಸ್ತೆ ಕಿರಿದು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು. ಹಾರನ್ನಿನ ಒಂದು ಚೂರು ಸದ್ದಾಗಿ ತಕ್ಷಣ ನಿಂತಿತು, ಶವದ ಹಿಂದೆ ಯಾರೂ ಹಾರನ್ ಹೊಡೆಯುವುದಿಲ್ಲ. ಜನ ಹಿಂತಿರುಗಿ ನೋಡಿದರು. ಸಾಹೇಬರ ಕಾರು. ಸಾಹೇಬರೂ ಮಣ್ಣಿಗೆ ಬರ್ತಿದಾರೆ, ದೊಡ್ಡತನ ನೋಡು ಎಂದು ಒಬ್ಬ ಹೇಳಿದ. ಆಮೇಲೆ ಅವನ ಕಣ್ಣು ಕಾರಿನ ಮೇಲಕ್ಕೆ ಹೋಯಿತು.

ಕಾರಿನ ಮೇಲೆ ನಾಲ್ಕು ಸೂಟ್‌ಕೇಸು, ಸುರುಳಿ ಸುತ್ತಿದ ಎರಡು ಹಾಸಿಗೆ, ಬೆಡ್‌ಶೀಟಿನಲ್ಲಿ ಕಟ್ಟಿದ ಟೀವಿ, ಎಲ್ಲವನ್ನೂ ಸೇರಿಸಿ ಬಿಗಿದ ಹಗ್ಗ. ಹಿಂದಿನ ಸೀಟಿನಲ್ಲಿ ನಿದ್ದೆಯ ಬಟ್ಟೆಯಲ್ಲೇ ಎರಡು ಮಕ್ಕಳು. ಹೆಂಡತಿಯ ಮಡಿಲಲ್ಲಿ ಒಂದು ತಗಡಿನ ಪೆಟ್ಟಿಗೆ. ಸಾಹೇಬರು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಎದುರಿಗೇ ನೋಡುತ್ತಿದ್ದರು.

ಟೈಲರ್ ಗಾಲಿಕುರ್ಚಿ ಬಿಟ್ಟು ಕಾರಿನ ಹತ್ತಿರ ಹೋದ. ಹಗ್ಗದ ಗಂಟನ್ನು ಮುಟ್ಟಿ ನೋಡಿದ. ಬಗ್ಗಿ ಗಾಜಿನೊಳಗೆ ನೋಡಿದ.

“ಎಲ್ಲಿಗೆ ಸಾಹೇಬ್ರೆ?”

ಗಾಜು ಇಳಿಯಲಿಲ್ಲ.

ಟೈಲರ್ ನೆಟ್ಟಗಾಗಿ, ಮೊದಲು ಕೆಳಗಿನ ಏರಿಯನ್ನು, ಆಮೇಲೆ ಪಂಪ್ ಮಾಮನ ಪ್ಯಾಂಟನ್ನು, ಆಮೇಲೆ ಅವಳನ್ನು ನೋಡಿದ. ಅವಳು ಹೇಳುವುದು ಬೆಳಿಗ್ಗೆಯೇ ಆಗಿತ್ತು. ಅವನು ಮರಳಿ ಬಂದು ಗಾಲಿಕುರ್ಚಿಯ ಹಿಡಿಕೆ ಹಿಡಿದು ತಳ್ಳತೊಡಗಿದ, ಮೊದಲು ನಡಿಗೆಯಲ್ಲಿ, ಆಮೇಲೆ ಓಡುತ್ತ. ಅವನ ಹೆಂಡತಿ ಕೂಸನ್ನು ಎದೆಗೆ ಅವಚಿಕೊಂಡು ಅವನ ಹಿಂದೆ ಹೊರಟಳು. ಗುಂಪಿನಲ್ಲಿ ಯಾರೂ ಕೂಗಲಿಲ್ಲ. ಒಬ್ಬರ ಮುಖ ನೋಡಿ ಇನ್ನೊಬ್ಬರಿಗೆ ತಿಳಿಯುತ್ತ ಹೋಯಿತು. ತಾಯಂದಿರು ಮಕ್ಕಳನ್ನು ಎತ್ತಿಕೊಂಡರು. ಬಸುರಿಯನ್ನು ಇಬ್ಬರು ಎರಡೂ ಕಡೆಯಿಂದ ತೋಳು ಹಿಡಿದು ನಡೆಸಿದರು.

ಅವರು ಶವದ ಗಾಡಿಯನ್ನು ಎರಡೂ ಬದಿಯಿಂದ ದಾಟಿ ಮುಂದೆ ಹೋದರು. ಚಾಲಕ ಕಿಟಕಿಯಿಂದ ತಲೆ ಹಾಕಿ, ಶವ ದಾಟಿ ಹೋಗ್ತಿದಾರಲ್ಲಮ್ಮ, ಇಷ್ಟು ವರ್ಷದಲ್ಲಿ ನಾನು ಕಂಡಿಲ್ಲ ಎಂದ.

“ಹೋಗ್ಲಿ ಬಿಡಿ,” ಎಂದಳು ಅಮ್ಮ ಒಳಗಿನಿಂದ. “ಗಾಡಿ ಪಕ್ಕಕ್ಕೆ ಹಾಕಿ, ದಾರಿ ಕೊಡಿ.”

ಚಾಲಕ ಗಾಡಿಯನ್ನು ಬಂಡೆಯ ಪಕ್ಕಕ್ಕೆ ಒತ್ತಿ ನಿಲ್ಲಿಸಿದ. ಹಿಂದೆ ಸಾಹೇಬರ ಹೆಂಡತಿ ಪೆಟ್ಟಿಗೆಯನ್ನು ಸೀಟಿನಲ್ಲೇ ಬಿಟ್ಟು, ಎರಡು ಮಕ್ಕಳ ಕೈ ಹಿಡಿದು ಕಾರಿನಿಂದ ಇಳಿದು ಜನರ ಜೊತೆ ಸೇರಿದಳು. ಮಗಳು ಒಬ್ಬೊಬ್ಬರನ್ನೂ ಎಣಿಸುತ್ತ ನಿಂತಳು. ಅರವತ್ತು ಮನೆಯವರೂ ಮುಂದೆ ಹೋದ ಮೇಲೆ, ಕಡೆಯವನಾಗಿ ಪಂಪ್ ಮಾಮ ಮುದುಕಿಯೊಬ್ಬಳನ್ನು ಬೆನ್ನ ಮೇಲೆ ಹೊತ್ತು ಹೋದ ಮೇಲೆ, ಅವಳು ಚಾಲಕನಿಗೆ ಕೈಸನ್ನೆ ಮಾಡಿದಳು. ಗಾಡಿ ಮತ್ತೆ ಹೊರಟಿತು, ಊರಿಗೆಲ್ಲ ಹಿಂದೆ.